ಹೋಗಿ ಬಾ ಅಂದವನು

ಈ ಊರಿನಲ್ಲಿ ಹೆಣ ಎತ್ತುವ ಮೊದಲು ಮನೆಯವರ ಬಾಯಿಗೆ ಒಂದೊಂದು ಗೋಟಡಿಕೆ ಇಡುತ್ತಾರೆ. ಅಗಿಯುವುದಕ್ಕಲ್ಲ, ನಾಲಿಗೆ ಏಳದಿರಲಿ ಅಂತ. ನನಗೂ ಇಟ್ಟಿದ್ದರು. ನಾನು ಅದನ್ನು ಅಂಗೈಗೆ ಉಗುಳಿದೆ. ಆಮೇಲೆ ನಡೆದದ್ದೆಲ್ಲ ಅದರಿಂದಲೇ. ಅದಕ್ಕೇ ಮೊದಲು ಅದನ್ನು ಹೇಳಿಬಿಡುತ್ತೇನೆ, ಕಡೆಯಲ್ಲಿ ಯಾರೂ ನನ್ನನ್ನು ಸಮಾಧಾನ ಮಾಡುವುದಕ್ಕೆ ಹೊರಡುವುದು ಬೇಡ.

ನಾನು ಇಲ್ಲಿಗೆ ಮನೆಅಳಿಯನಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ನನ್ನ ಹೆಂಡತಿ ಇಂದ್ರಾಣಿ ಇಲ್ಲಿಯವಳು. ಅವಳಪ್ಪನ ಹಿಟ್ಟಿನ ಮಿಲ್ಲು, ಮಿಲ್ಲಿಗೆ ಅಂಟಿಕೊಂಡ ಮನೆ, ಎರಡನ್ನೂ ನೋಡಿಕೊಳ್ಳುವುದಕ್ಕೆ ಒಬ್ಬ ಗಂಡಸು ಬೇಕಿತ್ತು, ನಾನು ಸಿಕ್ಕಿದೆ. ನಾನು ಹುಟ್ಟಿದ ಕಡೆ ಕರಿಬೇವು ಕೀಳಲು ಹಿತ್ತಿಲಿಗೆ ಹೋಗುವವರಿಗೂ ‘ಹೋಗಿ ಬಾ’ ಅನ್ನುತ್ತಾರೆ. ಹೊರಟವರು ‘ಹೋಗ್ತೀನಿ’ ಅಂದರೆ ‘ಬಿಡ್ತು ಅನ್ನು, ಬರ್ತೀನಿ ಅನ್ನು’ ಅಂತ ಬೈಯುತ್ತಾರೆ. ಇಲ್ಲಿ ಎಲ್ಲ ಉಲ್ಟಾ. ಹೊರಟವರಿಗೆ ಯಾರೂ ‘ಹೋಗಿ ಬಾ’ ಅನ್ನುವುದಿಲ್ಲ, ಹೊರಟವರೂ ‘ಬರ್ತೀನಿ’ ಅನ್ನುವುದಿಲ್ಲ. ಅಂದರೆ ಬರಲೇಬೇಕಾಗುತ್ತದೆ. ಮದುವೆಯಾದ ಮಾರನೇ ದಿನ ನನ್ನ ಸೋದರಮಾವನನ್ನು ಬಸ್ಸು ಹತ್ತಿಸಲು ಹೊರಟ ನಾನು ಇಂದ್ರಾಣಿಗೆ ‘ಬರ್ತೀನಿ’ ಅಂದುಬಿಟ್ಟೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಾವ ಇಡ್ಲಿ ಹೇಳಿದ. ತಟ್ಟೆ ಕೈಗೆ ಬಂತು, ಕಾಲು ಮಾತ್ರ ಮನೆ ಕಡೆ ತಿರುಗಿ ನಡೆಯತೊಡಗಿತು. ತಟ್ಟೆ ಹಿಡಿದುಕೊಂಡೇ ಹೊಸ್ತಿಲವರೆಗೆ ಬಂದೆ. ಹೋಟೆಲಿನವನು ಹಿಂದೆ ಓಡಿಬರಲೂ ಇಲ್ಲ. ಹೊಸ ಅಳಿಯ, ಬಾಯಿ ತಪ್ಪಿ ಏನೋ ಅಂದಿರಬೇಕು ಅಂದುಕೊಂಡನಂತೆ. ಇಂದ್ರಾಣಿ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇನ್ಮೇಲೆ ಹೋಗ್ತೀನಿ ಅನ್ನಿ, ಅಷ್ಟೇ. ತಿಂಡಿನಾದ್ರೂ ನೆಮ್ಮದಿಯಾಗಿ ತಿನ್ಬೋದು” ಅಂದಳು.

ಊರವರು ಇದಕ್ಕೆ ಎಂದೋ ಒಗ್ಗಿಕೊಂಡಿದ್ದಾರೆ. ಅಂಗಡಿಯವರು ಗಿರಾಕಿಗೆ ‘ಹೋಗಿ’ ಅನ್ನುತ್ತಾರೆ, ಹೊರಗಿನವರು ಮುಖ ಗಂಟಿಕ್ಕಿಕೊಂಡು ಮೆಟ್ಟಿಲಿಳಿಯುತ್ತಾರೆ. ಹೆಣ್ಣು ನೋಡಲು ಬಂದವರು ಒಪ್ಪಿಗೆಯಾದರೆ ಮಾತ್ರ ‘ಬರ್ತೀವಿ’ ಅನ್ನುತ್ತಾರೆ, ಅಷ್ಟಕ್ಕೇ ಹೆಣ್ಣಿನ ಕಡೆಯವರು ಚಪ್ಪರಕ್ಕೆ ಹೇಳಿಬಿಡುತ್ತಾರೆ. ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರು ರೋಗಿಯೊಬ್ಬನಿಗೆ ಸುಮ್ಮನೆ ‘ಸಂಜೆ ಬರ್ತೀನಿ’ ಅಂದು, ಸಂಜೆ ಸ್ನಾನದ ಮಧ್ಯೆ ಸೋಪು ಮೆತ್ತಿಕೊಂಡು ಟವೆಲ್ಲಿನಲ್ಲೇ ವಾರ್ಡಿಗೆ ಬಂದದ್ದನ್ನು ಜನ ಇನ್ನೂ ಹೇಳಿಕೊಂಡು ನಗುತ್ತಾರೆ. ಬದುಕಿರುವವರ ವಿಷಯ ಹೀಗೆ. ಸತ್ತವರ ವಿಷಯಕ್ಕೆ ಯಾರೂ ನಗುವುದಿಲ್ಲ. ‘ಹೋಗಿ ಬಾ’ ಅಂದರೆ ಅವರೂ ಬರುತ್ತಾರೆ. ಸುಟ್ಟರೂ ಬರುತ್ತಾರೆ, ಹೂತರೂ ಬರುತ್ತಾರೆ.

ಮೇಲಿನ ಬೀದಿಯಲ್ಲಿ ಬಳೆಅಂಗಡಿಯವರ ಮನೆಯಿದೆ. ಆ ಮನೆಯ ಹಿರಿಮಗ ತಾಯಿಯನ್ನು ಎತ್ತುವಾಗ ಅಳುತ್ತಾ ‘ಹೋಗಿ ಬಾರವ್ವ’ ಅಂದುಬಿಟ್ಟನಂತೆ. ಮೂರನೇ ದಿನ ಮಧ್ಯಾಹ್ನ ಆಕೆ ನಡೆದುಕೊಂಡು ಬಂದಳು. ಬಂದವರನ್ನು ಹೊಸ್ತಿಲ ಆಚೆಯೇ ನಿಲ್ಲಿಸಬೇಕು, ಕರೆದವನೇ ‘ಹೋಗು’ ಅನ್ನಬೇಕು. ಅವನಿಗೆ ಅನ್ನಲಾಗಲಿಲ್ಲ, ಹೆತ್ತವಳಲ್ಲವೇ, ಕೈ ಹಿಡಿದು ಒಳಗೆ ಕರೆದುಕೊಂಡ. ಆಕೆ ನಡುಮನೆಯ ಗೋಡೆಗೆ ಒರಗಿ ಕೂತಳು. ಮಾತಿಲ್ಲ, ಊಟವಿಲ್ಲ. ಒಂದು ತಿಂಗಳಿಗೆ ಮಗ ಅವಳ ಪಕ್ಕ ಕೂತ. ಆಮೇಲೆ ಅವನ ಹೆಂಡತಿ, ಆಮೇಲೆ ತಮ್ಮ. ಅವರು ಸತ್ತಿಲ್ಲ. ಉಸಿರಾಡುತ್ತಾರೆ, ಗಂಜಿ ಬಾಯಿಗಿಟ್ಟರೆ ನುಂಗುತ್ತಾರೆ. ಅಕ್ಕಪಕ್ಕದ ಹೆಂಗಸರು ಸರದಿಯ ಮೇಲೆ ಹೋಗಿ ಗಂಜಿ ಹಾಕಿ ಬರುತ್ತಾರೆ. ಅದಕ್ಕೆ ರಾಗಿಹಿಟ್ಟು ನಮ್ಮ ಮಿಲ್ಲಿನಿಂದಲೇ ಹೋಗುತ್ತದೆ, ನಾನೇ ಕಿಟಕಿಯಲ್ಲಿಟ್ಟು ಬರುತ್ತೇನೆ. ನೋಡಬಾರದು ಅಂದುಕೊಂಡೇ ಪ್ರತಿ ಸಲವೂ ನೋಡುತ್ತೇನೆ. ಗೋಡೆಗೊರಗಿ ಐದು ಜನ, ಕಣ್ಣು ಬಿಟ್ಟುಕೊಂಡೇ ಇರುತ್ತಾರೆ. ಐದನೆಯವಳು ಮೊನ್ನೆ ಮೊನ್ನೆಯವರೆಗೂ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಮೊಮ್ಮಗಳು.

ನಾನು ಪುಕ್ಕಲ, ಅದರಲ್ಲಿ ಮುಚ್ಚುಮರೆಯೇನಿಲ್ಲ. ಆ ಕಿಟಕಿ ನೋಡಿ ಬಂದ ದಿನ ನನಗೆ ತುತ್ತು ಇಳಿಯುತ್ತಿರಲಿಲ್ಲ. ಇಂದ್ರಾಣಿ “ಏನ್ರೀ, ಮತ್ತೆ ನೋಡಿದ್ರಾ?” ಅಂತ ಬೈದು ಬೆನ್ನು ಸವರುತ್ತಿದ್ದಳು.

ಅವಳು ಸತ್ತದ್ದು ಸೋಮವಾರ ಬೆಳಗ್ಗೆ ಹತ್ತೂವರೆಗೆ. ಮಿಷನ್ನಿನ ಬಾಯಿಗೆ ಯಾರದೋ ರಾಗಿ ಸುರಿಯುತ್ತಿದ್ದಳು. ಎದೆ ಉಜ್ಜಿಕೊಂಡು “ಯಾಕೋ ಉರೀತಿದೆ ಕಣ್ರೀ” ಅಂದು ಹಿಟ್ಟಿನ ಮೂಟೆಯ ಮೇಲೆ ಕೂತಳು. ಬೆಳಗ್ಗೆ ಚಿತ್ರಾನ್ನಕ್ಕೆ ಹಸಿಮೆಣಸಿನಕಾಯಿ ಜಾಸ್ತಿ ಹಾಕಿಕೊಂಡಿದ್ದಳು, ಅದೇ ಇರಬೇಕು ಅಂದುಕೊಂಡೆ. ಆ ಒಂದು ಸೇರು ಮುಗಿಯಲಿ ಅಂತ ಮಿಷನ್ನು ನಿಲ್ಲಿಸಲಿಲ್ಲ. ತಿರುಗಿ ನೋಡಿದಾಗ ಮೂಟೆಯ ಮೇಲೆ ವಾಲಿಕೊಂಡಿದ್ದಳು. ನಾನು ಕಿರುಚಿದ್ದು ಮಿಷನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಸಾವಿನ ಮನೆಯಲ್ಲಿ ಗಂಡನನ್ನು ಅಳುವುದಕ್ಕೆ ಬಿಡುವುದಿಲ್ಲ, ಎಲ್ಲವನ್ನೂ ಅವನನ್ನೇ ಕೇಳುತ್ತಾರೆ. ಇಂದ್ರಾಣಿಯ ಚಿಕ್ಕಪ್ಪನ ಮಗ ಶಾಂತಪ್ಪ ಒಳ್ಳೆಯವನು, ಓಡಾಡಿ ಎಲ್ಲವನ್ನೂ ಹೊಂದಿಸಿದ. ಆದರೆ ಅವನಿಗೂ ಪ್ರತಿಯೊಂದಕ್ಕೂ ನಾನೇ ಬೇಕು. ಭಾವ, ಬಿದಿರು ಎರಡು ಸಾಕಾ, ಮೂರಾ? ಭಾವ, ತಮಟೆಯವರಿಗೆ ಈಗ್ಲೇ ಹೇಳ್ಲಾ? ಭಾವ, ಗುಂಡಿ ಅವರಪ್ಪನ ಪಕ್ಕಕ್ಕೇ ತೆಗಿಸೋದಾ? ನಾನು ಹೂಂ ಅಂದೆ, ಊಹೂಂ ಅಂದೆ, ಯಾವುದಕ್ಕೆ ಏನಂದೆನೋ ದೇವರಿಗೇ ಗೊತ್ತು. ಮಗಳು ಮಂಜರಿಗೆ ಹತ್ತೊಂಬತ್ತು ವರ್ಷ. ಅವಳು ಬೀರುವಿನಿಂದ ಅಮ್ಮನ ಹಸಿರು ಸೀರೆ ತಂದಳು, ಹೆಂಗಸರು ಹೊಸದೇ ಆಗಬೇಕು ಅಂದರು. ಯಾರೋ ಅಂಗಡಿಗೆ ಓಡಿ ಗಂಜಿ ಬಿಡದ ಕೆಂಪು ಸೀರೆಯೊಂದನ್ನು ತಂದರು. ಇಂದ್ರಾಣಿ ಎದ್ದು ಕೂತಿದ್ದರೆ ಖಂಡಿತ ಜಗಳವಾಡುತ್ತಿದ್ದಳು, ಕೆಂಪು ಅಂದರೆ ಅವಳಿಗಾಗದು.

ಹೊನ್ನಜ್ಜಿ ಯಾರೂ ಹೇಳಿಕಳಿಸದೆ ತಾನೇ ಬಂದಳು. ಎಂಬತ್ತು ದಾಟಿದ ಮುದುಕಿ, ಊರಿನಲ್ಲಿ ಯಾರೇ ಸತ್ತರೂ ಬಂದು ಮನೆಯವರ ಬಾಯಿ ಕಾಯುವುದು ಅವಳ ಕೆಲಸ. ನನಗೊಂದು, ಮಂಜರಿಗೊಂದು ಗೋಟಡಿಕೆ ಬಾಯಿಗಿಟ್ಟು, “ಅಳಿಮಯ್ಯ, ನೀನು ಹೊರಗ್ನಿಂದ ಬಂದೋನು, ನಿನ್ ನಾಲ್ಗೆ ಮೇಲೆ ನಂಗೆ ನಂಬ್ಕೆ ಇಲ್ಲ. ಬೀದಿ ತಿರುಗೋಗಂಟ ಬಾಯ್ ಬಿಡ್ಬ್ಯಾಡ” ಅಂದಳು. ನಾನು ತಲೆಯಾಡಿಸಿದೆ.

ಚಟ್ಟಕ್ಕೆ ಹಗ್ಗ ಬಿಗಿದಾಯಿತು. ನಾಲ್ವರು ಬಗ್ಗಿದರು. ಆಗ ಶಾಂತಪ್ಪ, “ಭಾವ, ಮುಖದ ಮೇಲೆ ಬಟ್ಟೆ ಈಗ್ಲೇ ಮುಚ್ಚೋದಾ, ಬೀದಿ ಮೂಲೇಲಿ ಚಟ್ಟ ಇಳಿಸ್ದಾಗ ಮುಚ್ಚೋದಾ?” ಅಂದ. ನಾನು ಕೈಸನ್ನೆ ಮಾಡಿದೆ. ಅವನಿಗೆ ಅರ್ಥವಾಗಲಿಲ್ಲ. “ಯಾವ್ದು ಭಾವ? ಬೇಗ ಹೇಳಿ.” ಅಡಿಕೆಯನ್ನು ಅಂಗೈಗೆ ಉಗುಳಿ, “ಮೂಲೇಲೇ ಮುಚ್ಚು, ಇನ್ನೊಂಚೂರು ಗಾಳಿ ಆಡ್ಲಿ” ಅಂದೆ. ಗಾಳಿಯಂತೆ! ಅಷ್ಟರಲ್ಲಿ ಚಟ್ಟ ಎದ್ದಿತು. ಅವಳ ಪಾದ ನನ್ನ ಮುಖದ ನೇರಕ್ಕೆ ಬಂತು. ಎಷ್ಟು ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ರಾಗಿಹಿಟ್ಟು ಹಾಗೇ ಇತ್ತು. ಇಪ್ಪತ್ತೆರಡು ವರ್ಷ ನುಂಗಿಕೊಂಡಿದ್ದ ಮಾತು ಬಾಯಿಂದ ಜಾರಿತು. “ಹೋಗಿ ಬಾರೇ” ಅಂದೆ.

ತಮಟೆ ನಿಂತಿತು. ಹೆಗಲು ಕೊಟ್ಟವರು ನಿಂತಲ್ಲೇ ನಿಂತರು, ಚಟ್ಟ ಒಂದು ಕಡೆಗೆ ವಾಲಿತು. ಒಬ್ಬ ಹೆಂಗಸು ತನ್ನ ಮಗುವಿನ ಕಿವಿ ಮುಚ್ಚಿದಳು. ಹೊನ್ನಜ್ಜಿ ನನ್ನ ಅಂಗೈಯಲ್ಲಿದ್ದ ಅಡಿಕೆಯನ್ನೇ ನೋಡಿ, “ಅಯ್ಯೋ ನಿನ್ ಬಾಯಿಗ್ ಮಣ್ಣಾಕ” ಅಂದಳು. ಕೋಪದಿಂದ ಅಂದದ್ದಲ್ಲ, ಅವಳ ದನಿ ನಡುಗುತ್ತಿತ್ತು.

ಆಮೇಲೆ ಎಲ್ಲವೂ ಸರಸರನೆ ಮುಗಿಯಿತು. ಮೂಲೆಯಲ್ಲಿ ಇಳಿಸಿದರೋ ಇಲ್ಲವೋ ನೆನಪಿಲ್ಲ. ಗುಂಡಿಯ ಬಳಿ ಮೂರು ಹಿಡಿ ಮಣ್ಣು ಹಾಕುವಾಗ ಬರಬೇಡ ಕಣೇ, ದಮ್ಮಯ್ಯ ಬರಬೇಡ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಬೇಡಿಕೊಳ್ಳುತ್ತಿದ್ದ ಹಾಗೆಯೇ, ಬಾ, ಒಂದೇ ಒಂದು ಸಲ ಬಾ ಅಂತಲೂ ಅನ್ನಿಸಿತು. ಅದಕ್ಕೇ ನನಗೆ ಇನ್ನಷ್ಟು ಭಯವಾಯಿತು. ಸಂಜೆ ಸ್ನಾನ ಮಾಡಿ ಬರುವಷ್ಟರಲ್ಲಿ ಬೀದಿಯ ಎರಡೂ ಕಡೆ ಕಿಟಕಿಗಳು ಮುಚ್ಚಿದ್ದವು. ಮುನಿಸಿನಿಂದಲ್ಲ, ಬರುವವರು ಬರುವಾಗ ಕಂಡವರ ಕಣ್ಣು ಬೀಳಬಾರದು ಅನ್ನುವ ಮರ್ಯಾದೆ ಅದು. ಎದುರುಮನೆಯವರು ಒಂದು ಪಾತ್ರೆ ಅನ್ನಸಾರು ಜಗಲಿಯ ಮೇಲಿಟ್ಟು ಹೋಗಿದ್ದರು.

ಮಂಗಳವಾರ ಬೆಳಗ್ಗೆ ಹೊನ್ನಜ್ಜಿ ನನ್ನನ್ನು ಮಿಲ್ಲಿನೊಳಗೆ ಕೂರಿಸಿ ಪಾಠ ಶುರುಮಾಡಿದಳು. “ನಾಳೆ ಮಧ್ಯಾನ ಬತ್ತಾಳೆ. ನೀನು ಒಸ್ಲು ಬಿಟ್ ಕದಲ್ಬ್ಯಾಡ. ಅವ್ಳ ಕಾಲು ಒಸ್ಲು ದಾಟ್ಬಾರ್ದು, ಮನೇರು ಯಾರೂ ಅವ್ಳ ಕೈ ಮುಟ್ಬಾರ್ದು. ಕರ್ದೋನು ನೀನು, ನೀನೇ ಹೋಗು ಅನ್ಬೇಕು. ಹಿಂದೆ ಮುಂದೆ ಏನೂ ಸೇರಿಸ್ಬ್ಯಾಡ. ಅನ್ನು ನೋಡಾನ.”

“ಹೋಗು” ಅಂದೆ.

“ಕೇಳಿಸ್ನಿಲ್ಲ.”

“ಹೋಗು ಅಜ್ಜಿ.”

“ಥೂ, ನನ್ನನ್ಯಾಕೆ ಸೇರಿಸ್ತೀಯ? ಅವ್ಳೇ ಎದುರ್ಗವ್ಳೆ ಅನ್ಕಂಡು ಅನ್ನು.”

ಎದುರಿಗಿದ್ದ ಹಿಟ್ಟಿನ ಮೂಟೆ ನೋಡಿದೆ. ಬಾಯಿಂದ ಬಂದದ್ದು “ಹೋಗೇ” ಅಂತ. ಹೊನ್ನಜ್ಜಿ ತಲೆ ಚಚ್ಚಿಕೊಂಡಳು. “ಅದೇನ್ ಹೆಂಡ್ತಿ ಕೆನ್ನೆ ಗಿಂಡ್ದಂಗೆ ಅಂತೀಯೋ ಅಳಿಮಯ್ಯ! ಅಂಗಂದ್ರೆ ಅವ್ಳು ನಕ್ಕಂಡು ಒಳೀಕೆ ಬತ್ತಾಳೆ ಅಷ್ಟೆ.”

ನಾನೇನು ಮಾಡಲಿ? ನನ್ನ ಬಾಯಲ್ಲಿ ಅವಳಿಗೆ ಅಂತ ಇದ್ದದ್ದು ಅದೊಂದೇ. ಅವಳು ನನ್ನ ಹೊಸ ಶರ್ಟು ನೋಡಿ ‘ಮದುಮಗ ಬಂದ್ರು’ ಅಂದರೆ ‘ಹೋಗೇ’ ಅನ್ನುತ್ತಿದ್ದೆ. ರಾಗಿಮುದ್ದೆಯ ಮೇಲೆ ಬೆಣ್ಣೆ ಜಾಸ್ತಿ ಹಾಕಿಟ್ಟು ‘ತಿನ್ನಿ, ನಿಮಗಲ್ದೆ ಇನ್ಯಾರಿಗೆ’ ಅಂದರೆ ‘ಹೋಗೇ’ ಅನ್ನುತ್ತಿದ್ದೆ. ಹೋಗು ಅನ್ನುವ ಮಾತಿಗೆ ನಿಜವಾಗಿಯೂ ಹೋಗುವ ಅರ್ಥವಿದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಮಧ್ಯಾಹ್ನದವರೆಗೂ ಅಂದೆ. ಮೂಟೆಗೆ ಅಂದೆ, ಮಿಷನ್ನಿಗೆ ಅಂದೆ, ಬಾಗಿಲಲ್ಲಿ ಮಲಗಿದ್ದ ನಾಯಿಗೆ ಅಂದೆ. ನಾಯಿ ಬಾಲ ಅಲ್ಲಾಡಿಸಿತು.

ಮಂಜರಿ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅಜ್ಜಿ ಹೋದ ಮೇಲೆ ಒಳಗೆ ಬಂದಳು. ಮುಖ ಊದಿಕೊಂಡಿತ್ತು. “ಅಪ್ಪ, ನೀನ್ ಅನ್ಬೇಡ” ಅಂದಳು.

“ಏನನ್ನಬಾರ್ದು?”

“ಹೋಗು ಅಂತ. ಅಮ್ಮ ಬರ್ಲಿ ಬಿಡು. ನಾನು ಸೋಮವಾರ ಬೆಳಗ್ಗೆ ಅಮ್ಮನ ಹತ್ರ ಮುಖ ಕೊಟ್ಟು ಮಾತೂ ಆಡಿಲ್ಲ. ಉಪ್ಪಿನ್ಕಾಯಿ ಡಬ್ಬ ಸರಿಯಾಗಿ ಮುಚ್ಚಿಲ್ಲ ಅಂತ ಬೈದ್ಲು, ಸಿಟ್ಟು ಮಾಡ್ಕೊಂಡು ಮಲ್ಕೊಂಡಿದ್ದೆ.”

“ಮಂಜೂ, ಬಳೆಅಂಗಡಿಯೋರ ಮನೆ ನಿಂಗೊತ್ತು.”

“ಗೊತ್ತು. ನಾನೂ ನೋಡಿದೀನಿ ಆ ಕಿಟಕೀಲಿ. ಅವ್ರೇನ್ ಅಳ್ತಿದಾರಾ? ಎಲ್ರೂ ಒಟ್ಟಿಗೆ ಕೂತಿದಾರೆ. ನಾವೂ ಕೂತ್ಕೊಳ್ಳೋಣ. ನನಗೆ ಈಗ್ಲೂ ಏಳೋಕೆ ಇಷ್ಟ ಇಲ್ಲಪ್ಪ, ಯಾವತ್ತಿಗೂ ಏಳೋಕೆ ಇಷ್ಟ ಇಲ್ಲ.”

ಇಂದ್ರಾಣಿ ಬರುವುದಕ್ಕಿಂತ ಆ ಮಾತಿಗೆ ನಾನು ಹೆಚ್ಚು ಹೆದರಿದೆ. ಅದನ್ನು ಅವಳು ಅತ್ತುಕೊಂಡು ಹೇಳಲಿಲ್ಲ. ನಾಳೆ ಏನು ಅಡುಗೆ ಅನ್ನುವ ಹಾಗೆ ಹೇಳಿದಳು. ಗೋಡೆಗೊರಗಿದ ಆ ಐದು ಮುಖಗಳ ಸಾಲಿನಲ್ಲಿ ನನ್ನ ಮಗಳ ಮುಖ ಕಾಣಿಸಿತು, ಕಣ್ಣು ಬಿಟ್ಟುಕೊಂಡು, ಬಾಯಿಯ ಒಂದು ಮೂಲೆಯಲ್ಲಿ ಗಂಜಿ ಒಣಗಿಕೊಂಡು. ನಾನು ಹೋದರೆ ಹೋಗಲಿ, ಐವತ್ತು ದಾಟಿದವನು, ಹೆಂಡತಿಯ ಪಕ್ಕ ಕೂರುವುದು ನನಗೇನೂ ಕಷ್ಟವಲ್ಲ. ಈ ಹುಡುಗಿ ಕೂರಬಾರದು. ಅಷ್ಟು ಮಾತ್ರ ನನಗೆ ಸ್ಪಷ್ಟವಾಗಿತ್ತು.

ಶಾಂತಪ್ಪನನ್ನು ಕರೆಸಿದೆ. “ಇವಳನ್ನ ನಿಮ್ಮನೇಲಿ ಇಟ್ಕೋ. ನಾಳೆ ಸಂಜೆಗಂಟ ಈ ಕಡೆ ಬಿಡ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ” ಅಂದೆ. “ಏನ್ ಮಾತು ಅಂತ ಆಡ್ತೀರ ಭಾವ, ನಮ್ಮಕ್ಕನ ಮಗಳಲ್ವಾ” ಅಂದ ಅವನು. ಮಂಜರಿ ಕೂಗಾಡಬಹುದು ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಒಂದು ಜೊತೆ ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಜಗಲಿ ಇಳಿದ ಮೇಲೆ ತಿರುಗಿದಳು. ನನ್ನನ್ನೇ ನೋಡುತ್ತಾ, ಒಂದೊಂದೇ ಅಕ್ಷರ ಬಿಡಿಸಿ, “ನಾಳೆ ಮಧ್ಯಾಹ್ನ ಬರ್ತೀನಿ ಅಪ್ಪ” ಅಂದಳು.

ಈ ಊರಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ಬಾಯಿ ತಪ್ಪಿ ಅಂದದ್ದಲ್ಲ. ಶಾಂತಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. “ಬಾಗಿಲಿಗೆ ಬೀಗ ಹಾಕ್ತೀನಿ ಭಾವ” ಅಂದ. ಬೀಗಕ್ಕೆ ಏನು ಗೊತ್ತು, ಪಾಪ.

ಬುಧವಾರ ಹಾಲುತುಪ್ಪ ಬಿಡಲು ಶಾಂತಪ್ಪನೇ ಮಣ್ಣಿನ ಹತ್ತಿರ ಹೋಗಿದ್ದ, ನಾನು ಹೊಸ್ತಿಲು ಬಿಡುವ ಹಾಗಿರಲಿಲ್ಲ. ಹನ್ನೊಂದು ಗಂಟೆಗೇ ಬೀದಿ ಖಾಲಿಯಾಯಿತು. ತರಕಾರಿ ಗಾಡಿಯವನು ಮೂಲೆಯಿಂದಲೇ ವಾಪಸ್ಸಾದ. ಹೊನ್ನಜ್ಜಿ ಎದುರುಮನೆಯ ಕಿಟಕಿಯ ಹಿಂದೆ ಕೂತಿದ್ದಳು, ಸಂದಿಯಲ್ಲಿ ಅವಳ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಬಿಸಿಲು ಎಷ್ಟಿತ್ತೆಂದರೆ ಜಗಲಿಯ ಕಲ್ಲು ಸುಡುತ್ತಿತ್ತು, ನನಗೆ ಮಾತ್ರ ಚಳಿ. ಹಲ್ಲು ಕಟಕಟ ಅನ್ನುತ್ತಿತ್ತು. ಹೋಗು, ಹೋಗು, ಹೋಗು ಅಂತ ಒಳಗೇ ಗೊಣಗುತ್ತಿದ್ದೆ. ಅಂದಂತೆಲ್ಲ ಆ ಮಾತಿನ ಅರ್ಥ ಸವೆದುಹೋಗಿ ಬರೀ ಸದ್ದಾಯಿತು.

ಮೊದಲು ಸೀರೆಯ ಸದ್ದು ಕೇಳಿಸಿತು. ಗಂಜಿ ಬಿಡದ ಹೊಸ ಸೀರೆ, ಹೆಜ್ಜೆಗೊಮ್ಮೆ ಸರ್ ಸರ್ ಅನ್ನುತ್ತಿತ್ತು. ಆಮೇಲೆ ಬೀದಿಯ ಬಲತುದಿಯಲ್ಲಿ ಅವಳು ಕಂಡಳು. ಸಂತೆಯಿಂದ ಬರುವಾಗ ಹೇಗೆ ಗೋಡೆಯ ನೆರಳು ಹಿಡಿದುಕೊಂಡು ಬರುತ್ತಿದ್ದಳೋ ಹಾಗೇ ಬಂದಳು. ಮುಖಕ್ಕೆ ಹಚ್ಚಿದ್ದ ಅರಿಸಿನ ಹಾಗೇ ಇತ್ತು. ಕೂದಲಲ್ಲಿ ಸ್ವಲ್ಪ ಮಣ್ಣಿತ್ತು. ನಾನು ಏನೇನೋ ಭೀಕರ ಕಲ್ಪಿಸಿಕೊಂಡಿದ್ದೆ, ಅಂಥದ್ದೇನೂ ಇರಲಿಲ್ಲ. ಇಂದ್ರಾಣಿಯೇ. ಅದೇ ಭೀಕರವಾಗಿತ್ತು. ಬೇರೆ ಏನಾದರೂ ಆಗಿದ್ದರೆ ಓಡಿಸಿಬಿಡುತ್ತಿದ್ದೆ.

ಜಗಲಿಯ ಕೆಳಗೆ ಬಂದು ನಿಂತಳು. ಕೈ ಬರಿದಾಗಿದ್ದರೂ, ಸಂತೆಯ ಚೀಲವನ್ನು ಯಾರಾದರೂ ಇಳಿಸಿಕೊಳ್ಳಲಿ ಅನ್ನುವ ಹಾಗೆ ನನ್ನನ್ನೇ ನೋಡಿದಳು. ನಾನು ಬಾಯಿ ತೆರೆದೆ. “ಹೋಗೇ” ಅಂದೆ.

ಅವಳು ನಕ್ಕಳು.

ಆ ನಗುವನ್ನು ಹೇಗೆ ಹೇಳಲಿ? ಬೆಣ್ಣೆ ಜಾಸ್ತಿ ಹಾಕಿಟ್ಟ ದಿನದ ನಗು. ಹೊನ್ನಜ್ಜಿ ಹೇಳಿದ್ದೆಲ್ಲ ನೀರಾಯಿತು. ಎರಡು ಕೈ ಚಾಚಿ, ಬಾರೇ, ಬಿಸಿಲಲ್ಲಿ ಯಾಕೆ ನಿಂತಿದ್ದೀಯ ಅಂತ ಕರೆದುಕೊಂಡುಬಿಡುವುದಕ್ಕೆ ಒಂದೇ ಉಸಿರು ಬಾಕಿ ಇತ್ತು, ದೇವರಾಣೆಗೂ. ಅವಳು ಬಲಗಾಲು ಎತ್ತಿ ಮೊದಲ ಮೆಟ್ಟಿಲ ಮೇಲಿಟ್ಟಳು. ನಾನು ಕದಲಲಿಲ್ಲ, ತಡೆಯಲೂ ಇಲ್ಲ. ಎರಡನೇ ಮೆಟ್ಟಿಲ ಮೇಲಿಟ್ಟಳು. ಇನ್ನೊಂದೇ ಮೆಟ್ಟಿಲು, ಆಮೇಲೆ ಹೊಸ್ತಿಲು.

ಆಗ ಎಡಗಡೆ, ಮಿಲ್ಲಿನ ಮೂಲೆಯಿಂದ ಮಂಜರಿ ಬಂದಳು. ಬರಿಗಾಲು, ಬಿಚ್ಚಿದ ಕೂದಲು, ಮೊಣಕೈ ತರಚಿಹೋಗಿತ್ತು. ಹೆಂಚು ಸರಿಸಿ ಇಳಿದಿದ್ದಳು ಅಂತ ಆಮೇಲೆ ಗೊತ್ತಾಯಿತು. ಅಮ್ಮಾ ಅಂತ ಕೂಗಲಿಲ್ಲ. ಕೂಗಿದರೆ ನಾನು ಎಚ್ಚರಾಗುತ್ತೇನೆ ಅಂತ ಅವಳಿಗೆ ಗೊತ್ತು. ಇಂದ್ರಾಣಿಯ ಬೆನ್ನ ಹಿಂದೆ ಸದ್ದಿಲ್ಲದೆ, ಕೈ ಮುಂದೆ ಚಾಚಿಕೊಂಡು, ಮಗು ಅಂಬೆಗಾಲಿಟ್ಟು ದೀಪದ ಕಡೆ ಹೋಗುವ ಹಾಗೆ ಬರುತ್ತಿದ್ದಳು. ಇಂದ್ರಾಣಿಯ ಬಲಗೈ ಕೆಳಗೆ ಇಳಿಬಿದ್ದಿತ್ತು. ಆ ಕೈಗೂ ಮಂಜರಿಯ ಬೆರಳಿಗೂ ನಡುವೆ ಎರಡು ಮೊಳ ಇತ್ತು. ಆಮೇಲೆ ಒಂದು ಮೊಳ. ಆಮೇಲೆ ಒಂದು ಗೇಣು.

“ಹೋಗು!” ಅಂದೆ.

ಅದು ನನ್ನ ದನಿಯೇ ಅಂತ ನನಗೇ ಗೊತ್ತಾಗಲಿಲ್ಲ. ಎದುರುಮನೆಯ ಹೆಂಚಿನ ಮೇಲಿದ್ದ ಪಾರಿವಾಳಗಳು ಎದ್ದವು. “ಹೋಗಾಚೆ! ಹೋಗು ಅಂದ್ನಲ್ಲ! ಮುಟ್ಟಬೇಡ, ಹೋಗು!”

ಮಂಜರಿ ಅಲ್ಲೇ ಕಲ್ಲಾದಳು. ಕೈ ಚಾಚಿದ್ದು ಚಾಚಿದ ಹಾಗೇ ಇತ್ತು. ಅವಳಿಗೆ ಅಂತಲೇ ನಾನು ಕೂಗಿದ್ದು. ಅವಳೊಬ್ಬಳಿಗೇ. ಆದರೆ ಇಂದ್ರಾಣಿಗೆ ಬೆನ್ನ ಹಿಂದೆ ಮಗಳಿದ್ದಾಳೆ ಅಂತ ಗೊತ್ತಿರಲಿಲ್ಲವಲ್ಲ. ಎದುರಿಗೆ ನಿಂತಿದ್ದವಳು ಅವಳು. ಅವಳ ಮುಖದ ಮೇಲಿನ ನಗು ತಕ್ಷಣ ಹೋಗಲಿಲ್ಲ, ಸ್ವಲ್ಪ ಹೊತ್ತು ಏನು ಮಾಡಬೇಕು ಅಂತ ತಿಳಿಯದೆ ಅಲ್ಲೇ ಇತ್ತು. ಆಮೇಲೆ ಹೋಯಿತು. ತಾನೇನು ತಪ್ಪು ಮಾಡಿದೆ ಅಂತ ಯೋಚಿಸುವ ಹಾಗೆ ಅವಳ ಹುಬ್ಬು ಕೂಡಿತು. ಎರಡನೇ ಮೆಟ್ಟಿಲಿನಿಂದ ಕಾಲು ತೆಗೆದು ಮೊದಲನೆಯದರ ಮೇಲಿಟ್ಟಳು, ಅಲ್ಲಿಂದ ನೆಲಕ್ಕೆ. ಬಲಕ್ಕೆ ತಿರುಗಿ, ಬಂದ ದಾರಿಯಲ್ಲೇ ನಡೆಯತೊಡಗಿದಳು. ಎಡಕ್ಕೆ ಒಂದು ಸಲ ಕತ್ತು ಹೊರಳಿಸಿದ್ದರೆ ಮಗಳು ಕಾಣುತ್ತಿದ್ದಳು, ನಾನು ಯಾರಿಗೆ ಅಂದೆ ಅಂತ ಅರ್ಥವಾಗುತ್ತಿತ್ತು. ಹೊರಳಿಸಲಿಲ್ಲ. ಬೈಸಿಕೊಂಡವರು ಹಿಂದೆ ನೋಡುವುದಿಲ್ಲ.

ಇಂದ್ರಾಣೀ, ನಿನಗಲ್ಲ ಕಣೇ ಅಂತ ಗಂಟಲವರೆಗೆ ಬಂತು. ಅಷ್ಟು ಅಂದರೆ ಸಾಕು, ಅವಳು ನಿಲ್ಲುತ್ತಿದ್ದಳು. ನಿಂತರೆ ತಿರುಗುತ್ತಿದ್ದಳು, ತಿರುಗಿದರೆ ಬರುತ್ತಿದ್ದಳು. ಹೆಗಲ ಮೇಲಿನ ಟವೆಲ್ಲನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದೆ. ಸೀರೆಯ ಸದ್ದು ಮೂಲೆ ತಿರುಗುವವರೆಗೂ ಕೇಳಿಸಿತು.

ಮೊದಲು ಓಡಿಬಂದವಳು ಹೊನ್ನಜ್ಜಿ. “ಗಂಡ್ಸು ಕಣಪ್ಪ ನೀನು! ಎಷ್ಟು ಸಣ್ಣಗೆ ಅಂತಿದ್ದೋನು, ಊರೇ ನಡುಗೋ ಅಂಗಂದ್ಯಲ್ಲ” ಅಂತ ನನ್ನ ತಲೆ ಸವರಿದಳು. ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಯಾರೋ ನೀರು ತಂದುಕೊಟ್ಟರು. ಮಂಜರಿ ಮಿಲ್ಲಿನ ಗೋಡೆಗೆ ಹಣೆಯೊತ್ತಿ ನಿಂತಿದ್ದಳು. ಆಮೇಲೆ ಮನೆಯೊಳಗೆ ಬಂದಳು, ಕೂರಲಿಲ್ಲ. ತರಚಿದ ಮೊಣಕೈಗೆ ಅರಿಸಿನ ಹಚ್ಚಿಕೊಂಡು, ಒಲೆ ಹಚ್ಚಿ, ಎಸರಿಟ್ಟು, ಅಕ್ಕಿ ತೊಳೆದಳು.

ಅನ್ನ ಬಡಿಸುವಾಗ ಅವಳು ನನ್ನ ಮುಖ ನೋಡದೆ ಕೇಳಿದಳು. “ಅಮ್ಮನ್ನ ಕಳಿಸ್ಬೇಕಿತ್ತು, ಸರಿ. ಅಷ್ಟು ಕೂಗಿ, ಬೈದು ಕಳಿಸ್ಬೇಕಿತ್ತಾ ಅಪ್ಪ? ಅಮ್ಮನ ಮುಖ ನೋಡಿದ್ಯಾ ನೀನು?”

ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಹೇಳಿದರೆ ಏನಾಗುತ್ತದೆ ಅಂತಲೂ ಹೊಳೆಯಿತು. ಅಮ್ಮ ತಪ್ಪು ತಿಳಿದುಕೊಂಡು ಹೋದಳು ಅಂತ ಗೊತ್ತಾದರೆ ಈ ಹುಡುಗಿ ಈಗಲೇ ಎದ್ದು ಹೋಗಿ ಆ ಮಣ್ಣಿನ ಮುಂದೆ ನಿಂತು ಕರೆಯುತ್ತಾಳೆ. ನಾನಾಗಿದ್ದರೂ ಕರೆಯುತ್ತಿದ್ದೆ.

“ನೋಡ್ದೆ ಕಣಮ್ಮ” ಅಂದೆ. “ಹಂಗೇ ಅನ್ಬೇಕಿತ್ತು, ಅಂದೆ.”

ಅವಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಉಪ್ಪಿನಕಾಯಿ ಹಾಕಲೇ ಅಂತ ಕೇಳಿದಳು. ಈಗ ಚೆನ್ನಾಗಿದ್ದಾಳೆ. ಮಿಲ್ಲಿನಲ್ಲಿ ಅರ್ಧ ಕೆಲಸ ಅವಳದೇ, ಗಿರಾಕಿಗಳ ಜೊತೆ ಅವಳಮ್ಮನಷ್ಟೇ ಜೋರಾಗಿ ಜಗಳವಾಡುತ್ತಾಳೆ. ಊರವರು ಯಾರ ಮನೆಯಲ್ಲಿ ಸಾವಾದರೂ ನನ್ನ ಧೈರ್ಯದ ಮಾತೆತ್ತುತ್ತಾರೆ, ನಾನು ತಲೆ ತಗ್ಗಿಸಿಕೊಂಡು ಕೇಳಿಸಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೆವು, ಒಂದು ದಿನವೂ ನಾನು ಇಂದ್ರಾಣಿಯ ಮೇಲೆ ದನಿ ಎತ್ತಿದವನಲ್ಲ. ಎತ್ತಿದ್ದು ಅದೊಂದು ಸಲ, ಅದೂ ಅವಳಿಗಲ್ಲ. ಅವಳು ಅದನ್ನು ತನಗೇ ಅಂತ ತೆಗೆದುಕೊಂಡು ಹೋದಳು.